ಆರನೆಯದ್ದು ಟೈಲ್ ಬೀಳಲೇಬೇಕು!

ನಮ್ಮ ಕಡೆ ಮದುವೆಯ ಸೀಸನ್ನಿನಲ್ಲಿ ಒಂದೇ ಭಾನುವಾರಕ್ಕೆ ಎರಡೆರಡು ಹೇಳಿಕೆ, ಅಂದರೆ ಆಮಂತ್ರಣ. ಒಂದು ನನ್ನ ಕಡೆಯದ್ದು, ಇನ್ನೊಂದು ಹೆಂಡತಿ ಸುಜಾತಳ ಕಡೆಯದ್ದು. ಆಳಿಗೊಂದರಂತೆ ಹಂಚಿಕೊಳ್ಳುವ ಹಾಗಿಲ್ಲ. "ಒಬ್ಬನೇ ಬಂದದ್ದಾ? ಮನೆಯಲ್ಲಿ ಏನಾದ್ರೂ ಗಲಾಟೆಯಾ?" ಎಂದು ಇಡೀ ಹಾಲ್ ವಿಚಾರಣೆ ಮಾಡುತ್ತದೆ. ಆದ್ದರಿಂದ ಬಿ.ಸಿ.ರೋಡಿನ ನಮ್ಮ ಮನೆಯಲ್ಲಿ ನಾನೇ ಒಂದು ಕಾನೂನು ಜಾರಿಗೆ ತಂದೆ. ಟಾಸ್! ಹೆಡ್ ಬಿದ್ದರೆ ಅವಳ ಕಡೆ, ಟೈಲ್ ಬಿದ್ದರೆ ನನ್ನ ಕಡೆ.

ಸತತ ಐದು ಭಾನುವಾರ ಹೆಡ್ಡೇ ಬಿತ್ತು!

ನಾನು ಧೃತಿಗೆಡಲಿಲ್ಲ. ವಿಮೆ ಏಜೆಂಟ್ ನಾನು. ಏನಾಗಬಹುದು, ಏನಾಗಲಿಕ್ಕಿಲ್ಲ ಎಂಬ ಲೆಕ್ಕದಲ್ಲೇ ಅನ್ನ ಉಣ್ಣುವವನು. ಇಷ್ಟು ಹೆಡ್ ಬಿದ್ದ ಮೇಲೆ ಆರನೆಯದ್ದು ಟೈಲ್ ಬೀಳದೆ ಎಲ್ಲಿಗೆ ಹೋಗುತ್ತದೆ? ಆ ಭಾನುವಾರ ವಿಟ್ಲದಲ್ಲಿ ನನ್ನ ಸೋದರಮಾವನ ಮಗಳ ನಿಶ್ಚಿತಾರ್ಥ, ಮೂಡುಬಿದಿರೆಯಲ್ಲಿ ಸುಜಾತಳ ಅಕ್ಕನ ಗೃಹಪ್ರವೇಶ. ಟಾಸ್ ಹಾಕುವ ಮೊದಲೇ ಮಾವನಿಗೆ ಫೋನ್ ಮಾಡಿ, "ವೀಳ್ಯ ಬದಲಿಸುವಾಗ ನಮ್ಮ ಮನೆತನದ ಪರವಾಗಿ ನಾನೇ ಮಾತಾಡ್ತೇನೆ" ಎಂದು ಘೋಷಿಸಿಬಿಟ್ಟೆ. ಮೈಕ್ ಹಿಡಿದರೆ ನನಗೆ ಸಮ ಯಾರೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮಾವ "ಅತ್ತೆಗೆ ಹೇಳ್ತೇನೆ" ಎಂದು ತಟ್ಟನೆ ಫೋನ್ ಇಟ್ಟರು. ಸಂತೋಷದ ಸುದ್ದಿ ಹಂಚುವ ಅವಸರ ಇರಬೇಕು ಅಂದುಕೊಂಡೆ.

ಶನಿವಾರ ಸಂಜೆ ಸುಜಾತಳ ಎದುರು ನಾಣ್ಯ ಚಿಮ್ಮಿದೆ. ಅದು ಕೈತಪ್ಪಿ ಫ್ರಿಜ್ಜಿನ ಅಡಿಗೆ ಹೋಯಿತು. ನೆಲಕ್ಕೆ ಕೆನ್ನೆಯಿಟ್ಟು ಟಾರ್ಚ್ ಬಿಟ್ಟು ನೋಡಿದೆ. ಹೆಡ್!

"ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ" ಎಂದೆ.

"ಆಯ್ತು, ಇನ್ನೊಮ್ಮೆ ಹಾಕಿ ಮಾರಾಯ್ರೇ."

ಹೆಡ್! ಈ ನಾಣ್ಯದಲ್ಲೇ ಏನೋ ದೋಷ ಉಂಟೆಂದು ಪಕ್ಕದ ಮನೆಯಿಂದ ಬೇರೆ ನಾಣ್ಯ ತಂದೆ. ಅದೂ ಹೆಡ್!

"ಅಲ್ಲ ಮಾರಾಯ್ತಿ, ಮೊದಲೇ ಐದು ಸಲ ಹೆಡ್ ಬಿದ್ದಿತ್ತಲ್ಲ!"

"ಅದು ನಿಮಗೆ ನೆನಪುಂಟು. ನಾಣ್ಯಕ್ಕೆ ನೆನಪುಂಟಾ?" ಎಂದು ಸುಜಾತ ಸೀರೆ ಇಸ್ತ್ರಿ ಮಾಡಲು ಹೋದಳು.

ನನ್ನನ್ನು ಸಾಕಿ ಓದಿಸಿದ ಮಾವ! ಅವರಿಗೆ ಕೊಟ್ಟ ಮಾತಿಗೆ ತಪ್ಪಿದರೆ ಕುಟುಂಬದಲ್ಲಿ ಮುಖ ತೋರಿಸುವುದು ಹೇಗೆ? ಜ್ವರ ಎನ್ನಲೇ? ಸ್ಕೂಟರ್ ಕೆಟ್ಟಿತು ಎನ್ನಲೇ? ಒಂದು ಸುಳ್ಳೂ ಬಾಯಿಗೆ ಬಾರದೆ, ಕೊನೆಗೆ ಫೋನ್ ಮಾಡಿದೆ.

"ಮಾವ, ತಪ್ಪಾಯ್ತು. ನಾಳೆ ಬರ್ಲಿಕ್ಕೆ ಆಗುದಿಲ್ಲ. ಟಾಸ್ ಸೋತೆ."

"ಅಬ್ಬ! ಬದುಕಿದೆ ಮಾರಾಯ!"

"ಎಂತ ಮಾವ?"

"ಬೇಜಾರ ಮಾಡ್ಬೇಡ. ಹೋದ ಸಲದ ಮದುವೆಯಲ್ಲಿ ನಿನ್ನ ಕೈಗೆ ಮೈಕ್ ಸಿಕ್ಕಿ ಮುಹೂರ್ತವೇ ಮೀರ್ಲಿಕ್ಕೆ ಇತ್ತು. ಅದರ ನಡುವೆ ಗಂಡಿನವರಿಗೆ ವಿಮೆ ಬೇರೆ ವಿವರಿಸಿದ್ದಿ! ನೀನು ಮಾತಾಡುದು ಬೇಡ ಅಂತ ನಿನಗೆ ಯಾರು ಹೇಳುದು ಅಂತ ನಾನೂ ನಿನ್ನ ಅತ್ತೆಯೂ ಬೆಳಗ್ಗಿಂದ ಟಾಸ್ ಹಾಕ್ತಾ ಇದ್ದೇವೆ. ಎಷ್ಟು ಹಾಕಿದ್ರೂ ನಾನೇ ಸೋಲುದು!"

ಅವಮಾನವಾಗಬೇಕಿತ್ತು. ಆದರೆ ತಲೆಯ ಮೇಲಿನ ಬಂಡೆ ಇಳಿದ ಹಾಗೆ ಹಗುರವಾಯಿತು. ಆ ರಾತ್ರಿ ಗಡದ್ದು ನಿದ್ದೆ!

ಮರುದಿನ ಹೊಸ ಅಂಗಿ ತೊಟ್ಟು ಮೂಡುಬಿದಿರೆಯ ಚಪ್ಪರದೊಳಗೆ ಕಾಲಿಟ್ಟೆ. ಸುಜಾತಳ ಅಕ್ಕ ನಗುತ್ತ ಬಂದು ಪಾನಕ ಕೊಟ್ಟರು. ಕೊಡುತ್ತಲೇ ಹಿಂದೆ ತಿರುಗಿ ಮೈಕಿನವನಿಗೆ ಏನೋ ಸನ್ನೆ ಮಾಡಿದರು. ಅವನು ಲಗುಬಗೆಯಿಂದ ವಯರ್ ಸುತ್ತತೊಡಗಿದ.

ಅಲ್ಲಿ ಟಾಸ್ ಕೂಡ ಹಾಕಿರಲಿಲ್ಲ!