ಬರೀ ನೀರಿನ ತಟ್ಟೆ

ಒಬ್ಬನೇ ಇರುವವನ ಮನೆಯಲ್ಲಿ ನಗುವಂಥದ್ದು ಏನು ನಡೆದೀತು ಎಂದುಕೊಳ್ಳಬೇಡಿ. ನಡೆಯುತ್ತಲೇ ಇರುತ್ತದೆ, ಜೊತೆಗೆ ನಗುವವರು ಇರುವುದಿಲ್ಲ ಅಷ್ಟೇ.

ನಮ್ಮಾಕೆ ಶಿವನ ಪಾದ ಸೇರಿದ ಮೇಲೆ ಮದ್ದೂರಿನ ನಮ್ಮ ಮನೆಯಲ್ಲಿ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಆಮೇಲೆ ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಭತ್ತದ ಸಸಿಗಳ ಮೇಲೆ ಸಂಶೋಧನೆ ಮಾಡುವವಳು. ಸಸಿಗಳಿಗೆ ಕತ್ತಲೆ ಬೇಕಂತೆ. ಕಿಟಕಿಯಿಲ್ಲದ ನಮ್ಮ ದವಸದ ಕೋಣೆ ಕಂಡು ಹಿಗ್ಗಿದಳು. ಕೆಲಸ ಮುಗಿಯುವ ತನಕ ಮಾತ್ರ ಇರುತ್ತೇನೆ ಎಂದು ಮೊದಲೇ ಹೇಳಿಬಿಟ್ಟಳು.

ದೀಪ

ಸಂಜೆ ದೀಪ ಹಚ್ಚಿ ಎಲ್ಲ ಕೋಣೆಗೂ ತೋರಿಸುವುದು ನಮ್ಮ ಮನೆಯ ಪದ್ಧತಿ. ದವಸದ ಕೋಣೆಯೊಳಗೂ ದಿನಾ ನಿಂತು ನಿಧಾನವಾಗಿ ತೋರಿಸುತ್ತ ಬಂದೆ. ಬೆಳ್ಳಗೆ ಉದ್ದುದ್ದ ಏಳಬೇಕಿದ್ದ ಸಸಿಗಳು ಏಳುವುದನ್ನು ಬಿಟ್ಟು ಎಲೆ ಬಿಚ್ಚಿಕೊಂಡು ಕೂತವು.

ಹುಡುಗಿ ಬೈಯಲಿಲ್ಲ, ಕೂರಿಸಿಕೊಂಡು ತಿಳಿಸಿದಳು. ಸಸಿಯೊಳಗೆ ಬೆಳೆಸುವ ಜೀನುಗಳನ್ನು ಒಬ್ಬ ಕಾವಲುಗಾರ ತಡೆದಿಟ್ಟಿರುತ್ತಾನಂತೆ. ಹಾರ್ಮೋನು ಬಂದು ಅವನನ್ನು ಓಡಿಸಿದರೆ ಜೀನುಗಳು ಎದ್ದು ಕೆಲಸಕ್ಕೆ ತೊಡಗುತ್ತವೆ. ಬೆಳಕು ಬಿದ್ದರೆ ಹಾರ್ಮೋನು ಕಮ್ಮಿಯಾಗಿ ಕಾವಲುಗಾರ ವಾಪಸ್ಸು.

ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಮನೆಯಲ್ಲಿ ಆ ಹಾರ್ಮೋನು ನಮ್ಮಾಕೆ. ಅವಳು ಕೂಗದೆ ಬೆಳಿಗ್ಗೆ ನನ್ನ ಒಂದು ಜೀನೂ ಏಳುತ್ತಿರಲಿಲ್ಲ.

ಅಳತೆ

ಎದುರುಮನೆ ಗೌಡರ ಮೊಮ್ಮಗ ಪೊಲೀಸ್ ಕೆಲಸದ ಆಯ್ಕೆಗೆ ಕೊಂಚ ಗಿಡ್ಡ. ಹುಡುಗಿ ಹಾಕುವ ಹಾರ್ಮೋನಿನಿಂದ ಸಸಿ ಎತ್ತರವಾಗುತ್ತದೆ ಎಂದು ನನ್ನಿಂದಲೇ ಕೇಳಿ, ಗೌಡರು ಚೊಂಬು ಹಿಡಿದು ಬಂದರು.

“ಒಂದ್ ತೊಟ್ಟು ಕೊಡು ಕಣಮ್ಮ, ಮೊಮ್ಮಗನ ಆಲಿಗೆ ಆಕ್ತೀನಿ.”

ಅದು ಮನುಷ್ಯರಿಗಲ್ಲ ಎಂದು ಹುಡುಗಿ ಹೇಳಿದರೂ ಕೇಳಲಿಲ್ಲ.

“ಸಸಿಗೇ ಜಾಸ್ತಿ ಆದ್ರೆ ಕಷ್ಟ ಗೌಡ್ರೇ. ಉದ್ದ ಆಗಿ, ನಿಲ್ಲಕ್ಕಾಗ್ದೆ ಬಿದ್ದೋಗುತ್ತೆ.”

“ಬೀಳ್ಲಿ ಬುಡವ್ವ, ಅಳತೆ ತಕ್ಕಂಡ್ಮೇಲೆ ತಾನೆ.”

ತೀರ್ಥ

ಕೆಲಸ ಮುಗಿಯುತ್ತ ಬಂದು ಹುಡುಗಿ ಪುಸ್ತಕ ಕಟ್ಟತೊಡಗಿದಳು. ನಾನು ಮತ್ತೆ ರೇಡಿಯೋ ಒರೆಸಿಟ್ಟೆ.

ಕೋಣೆಯಲ್ಲಿದ್ದ ಸಸಿಯ ತಟ್ಟೆಗಳಿಗೆಲ್ಲ ಹಾರ್ಮೋನು ಬೆರೆಸಿದ ನೀರು. ಬಾಗಿಲ ಪಕ್ಕದ ಒಂದಕ್ಕೆ ಮಾತ್ರ, ಹೋಲಿಸಿ ನೋಡಲೆಂದು, ಬರೀ ನೀರು. ಪಂಕ್ತಿಯಲ್ಲಿ ಒಬ್ಬನ ಎಲೆಗೆ ಮಾತ್ರ ಪಾಯಸ ಬಡಿಸದೆ ಹೋದಂತೆ ಕಂಡು ನನಗೆ ಸಂಕಟವಾಗುತ್ತಿತ್ತು. ಸೋಮವಾರ ಸೋಮವಾರ ವೈದ್ಯನಾಥಪುರದ ಶಿವನ ಗುಡಿಯಿಂದ ಬಾಟಲಿಯಲ್ಲಿ ತರುವ ತೀರ್ಥವನ್ನು, ದೀಪವಿಲ್ಲದೆ ತಡಕಾಡಿಕೊಂಡು ಹೋಗಿ, ಅದಕ್ಕೂ ಹಾಕುತ್ತಿದ್ದೆ.

ಒಂದು ದಿನ ಅವಳ ಮೇಷ್ಟ್ರು ಫೋನು ಮಾಡಿದರು. ಅವಳು ಪರೀಕ್ಷೆಗೆ ಕಳಿಸಿದ್ದ ಸಸಿಗಳಲ್ಲಿ, ಬರೀ ನೀರು ಕುಡಿದವುಗಳಲ್ಲೂ ಅವೇ ಜೀನುಗಳು ಎದ್ದು ಕೂತಿವೆಯಂತೆ. ಹುಡುಗಿ ಸೀದಾ ನನ್ನ ಹತ್ತಿರ ಬಂದಳು. ಇದ್ದದ್ದು ಹೇಳಿದೆ.

“ಯಾವ ತೀರ್ಥ ತಾತ?”

“ಎಳನೀರಿನ ಅಭಿಷೇಕದ್ದು ಕಣಮ್ಮ.”

“ಎಳನೀರಲ್ಲೇ ಹಾರ್ಮೋನು ಇರುತ್ತೆ ತಾತ.”

ತಲೆ ಮೇಲೆ ಕೈ ಹೊತ್ತು ಕೂತಳು. ಎಲ್ಲ ಮೊದಲಿಂದ ಮಾಡಬೇಕು, ಇನ್ನೂ ಕೆಲವು ತಿಂಗಳು ಇಲ್ಲೇ ಇರಬೇಕು ಎಂದಳು. ನಾನು ಮುಖ ಸಣ್ಣದು ಮಾಡಿಕೊಂಡೇ ಒಳಗೆ ಹೋಗಿ ಎರಡು ಲೋಟಕ್ಕೆ ಕಾಫಿ ಬೆರೆಸಿದೆ.

ಮುಂದಿನ ಸೋಮವಾರ ಸ್ವಾಮಿಗೆ ದೊಡ್ಡ ಎಳನೀರನ್ನೇ ಒಪ್ಪಿಸಿದೆ. ಬಾಟಲಿಯನ್ನು ಹುಡುಗಿ ಕಿತ್ತಿಟ್ಟುಕೊಂಡಿದ್ದರಿಂದ, ತೀರ್ಥವನ್ನೆಲ್ಲ ಅಲ್ಲೇ ಕುಡಿದು ಬಂದೆ.