ನಾನು ಮಾಡಿದ ಬಯಾಸ್ಕೋಪಿನ ಆಟ

ನಮ್ಮ ಹೊಳಲ್ಕೆರೆಯ ಬೀದಿಯಲ್ಲಿ ಬಯಾಸ್ಕೋಪು ನೋಡಿದ ಮೊದಲ ಮನುಷ್ಯ ನಾನು. ಇದನ್ನು ಜಂಬದಿಂದ ಹೇಳುತ್ತಿಲ್ಲ. ನನ್ನ ದಿನಸಿ ಅಂಗಡಿಗೆ ಬಂದವರಿಗೆಲ್ಲ ತಪ್ಪದೆ ಹೇಳುತ್ತಿದ್ದೆ, ಅಷ್ಟೆ. ಸರಕು ತರಲು ದುರ್ಗಕ್ಕೆ ಹೋಗಿದ್ದಾಗ ಅಲ್ಲಿ ಬಯಾಸ್ಕೋಪಿನ ಡೇರೆ ಹಾಕಿದ್ದರು. ಪರದೆಯ ಮುಂದೆ ಕುರ್ಚಿಗಳು, ಪರದೆಯ ಹಿಂದೆ ಬರಿಯ ನೆಲ. ನೆಲಕ್ಕೆ ಟಿಕೆಟ್ಟು ಅಗ್ಗ. ಎರಡೂ ಕಡೆ ಅದೇ ಚಿತ್ರ ಕಾಣುವಾಗ ಕುರ್ಚಿಗೆ ಹೆಚ್ಚು ಕೊಡುವವನು ಪೆದ್ದ ಎಂದುಕೊಂಡು ಹಿಂದೆ ಹೋಗಿ ಕುಳಿತೆ. ಊರಿಗೆ ಬಂದು ಮಾತ್ರ, ಅಮಲ್ದಾರರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ ಎಂದೆ!

ಚಿತ್ರದಲ್ಲಿ ಬಿಳಿಯರ ಸೀಮೆಯ ಕಳ್ಳನೊಬ್ಬ ಊಟಕ್ಕೆ ಕುಳಿತ ದೊರೆಯ ಪೆಟ್ಟಿಗೆ ಕದ್ದು, ಕುದುರೆ ಹತ್ತಿ, ರೈಲು ಹಿಡಿದು ಓಡುತ್ತಾನೆ, ಪೊಲೀಸಿನವನು ಬೆನ್ನಟ್ಟುತ್ತಾನೆ. ಇದನ್ನೇ ಪಗಡೆಯ ಹಾಗೆ ಹಾಸಿ ಆಡುವಂತೆ ಮಾಡಿದರೆ? ನನ್ನ ತಲೆಗೆ ನಾನೇ ಮೆಚ್ಚಿದೆ. ದುರ್ಗದಲ್ಲಿ ಮೇಷ್ಟರಾಗಿದ್ದ ನನ್ನ ಹೆಂಡತಿಯ ತಮ್ಮ, ಚೆನ್ನಾಗಿ ಬಂದರೆ ಬೆಂಗಳೂರಿನಲ್ಲಿ ಅಚ್ಚು ಹಾಕಿಸುವುದಾಗಿ ಮಾತು ಕೊಟ್ಟ. ಮೂಲೆಯಲ್ಲಿ ನನ್ನ ಹೆಸರಿರಬೇಕು, ಇಡೀ ಸಂಸ್ಥಾನ ಅದನ್ನು ಓದಬೇಕು. ನನಗೆ ಬೇಕಾದದ್ದು ಅಷ್ಟೆ.

ಆಟದ ಹಾಸು ಮಾಡಲು ಹೊಸ ಪಂಚೆಗೆ ಹುಣಸೆಬೀಜದ ಅಂಟು ಬಳಿದು ಒಣಗಲು ಹಾಕಿದೆ. ಕರು ಬಂದು ಒಂದು ಮೂಲೆಯನ್ನು ಸಾವಕಾಶವಾಗಿ ತಿಂದಿತು. ಇನ್ನೊಂದು ಪಂಚೆ ತಂದೆ. ಕಾಯಿಗಳನ್ನು ಜೇನುಮೇಣದಲ್ಲಿ ಮಾಡಿ ಜಗಲಿಯ ಮೇಲಿಟ್ಟೆ. ಮಧ್ಯಾಹ್ನ ನೋಡಿದರೆ ಕಳ್ಳ ಕರಗಿ, ತಾನಾಗಿಯೇ ಪೊಲೀಸಿನವನ ಕಾಲಿಗೆ ಬಿದ್ದಿದ್ದ! ಕೊನೆಗೆ ಮರದಲ್ಲಿ ಕೆತ್ತಿದೆ. ಕವಡೆ ಹಾಕಿ ನಡೆಸುವುದು. ರೈಲಿನ ಮನೆಗೆ ಬಂದರೆ ಆರು ಮನೆ ಮುಂದೆ, ಕೆಸರಿಗೆ ಬಿದ್ದರೆ ಮೂರು ಮನೆ ಹಿಂದೆ. ಚಿತ್ರಗಳನ್ನಂತೂ ಕಂಡದ್ದು ಕಂಡ ಹಾಗೆ ಬರೆದೆ, ಮೂಲೆಯಲ್ಲಿ ನನ್ನ ಹೆಸರನ್ನೂ.

ನನ್ನ ಹೆಂಡತಿ ಗಂಗಮ್ಮ ಬಗ್ಗಿ ನೋಡಿದಳು.

"ಏನ್ರಿ ಇದು? ದೊರೆ ಎಡಗೈಲಿ ಉಣ್ತಾನೆ, ಪೊಲೀಸು ಎಡಗೈಲಿ ಸಲಾಮು ಹೊಡೀತಾನೆ?"

"ಸೀಮೆ ಕಡೆ ಎಲ್ಲಾರೂ ಎಡಗೈಯೋರೇ ಕಣೆ. ಕಣ್ಣಾರೆ ನೋಡೀನಿ!"

"ಥೂ! ಅದ್ಕೇ ಪಾಪ ಚಮಚ ಹಿಡೀತಾರೆ," ಎಂದಳು.

ಈ ವಿಷಯವಾಗಿ ನಾನು ಜಗಲಿಯಲ್ಲಿ ಒಂದು ವಾರ ಉಪನ್ಯಾಸ ಮಾಡಿದೆ. ಪಕ್ಕದ ಬಟ್ಟೆ ಅಂಗಡಿಯ ಸಿದ್ದಣ್ಣ ಬಾಯಿ ತೆರೆದು ಕೇಳಿದ.

ಭಾವಮೈದ ಬಂದ. ಹಾಸು ನೋಡಿ ಮುಗುಳ್ನಕ್ಕು ನನ್ನನ್ನು ಹಿತ್ತಲಿಗೆ ಕರೆದ.

"ಭಾವ, ದಿಟ ಹೇಳ್ರಿ. ಪರದೆ ಹಿಂದೆ ಕುಂತಿದ್ರಿ ಅಲ್ವಾ? ಅಲ್ಲಿಂದ ನೋಡಿದ್ರೆ ಬಲಗೈ ಎಡಗೈಯಾಗಿ ಕಾಣ್ತೈತೆ."

ನಾನು ಬಾಳೆಗಿಡದ ಒಣಗಿದ ಎಲೆ ಕೀಳತೊಡಗಿದೆ.

"ಅಕ್ಕಂಗೆ ಹೇಳಲ್ಲ ಬಿಡ್ರಿ. ಕಲ್ಲಚ್ಚಿನೋರು ಕಲ್ಲಿನ ಮೇಲೆ ಉಲ್ಟಾನೇ ಬರ್ಕಬೇಕು, ಆಗ ಹಾಳೆ ಮೇಲೆ ನೆಟ್ಟಗೆ ಬರ್ತೈತೆ. ನಿಮ್ದು ಅವ್ರಿಗೆ ಹೇಳಿ ಮಾಡಿಸ್ದಂಗೈತೆ!"

ನನಗೆ ಮತ್ತೆ ಎರಡು ಕೋಡು ಮೂಡಿದವು. "ಹಂಗಾದ್ರೆ ಇದ್ದದ್ದು ಇದ್ದಂಗೇ ಬರ್ಕಳ್ಳಾಕೆ ಹೇಳು. ಒಂದು ಗೀಟೂ ಬದಲಾಯ್ಸಬಾರ್ದು!" ಎಂದು ಅಪ್ಪಣೆ ಕೊಟ್ಟೆ. ಅಚ್ಚಿನವರು ಅದನ್ನು ಅಕ್ಷರಶಃ ಪಾಲಿಸಿದರು.

ಬೆಂಗಳೂರಿನಿಂದ ಅಚ್ಚಾದ ಹಾಳೆಗಳ ಕಟ್ಟು ಬಂದ ದಿನ ಬೀದಿಯೆಲ್ಲ ನಮ್ಮ ಜಗಲಿಯಲ್ಲಿ. ಬಿಚ್ಚಿದೆ. ಆಹಾ! ಕುದುರೆಗೆ ಬಾಲ, ರೈಲಿಗೆ ಹೊಗೆ, ಕಳ್ಳನಿಗೆ ಮೀಸೆ! ನನ್ನ ಕಣ್ಣು ತುಂಬಿತು. ಆಗ ಸಿದ್ದಣ್ಣ ಕೂಗಿದ:

"ಲೇ, ಎಲ್ಲಾರೂ ಬಲಗೈಯೋರಾಗ್ಯಾರಲ್ಲೋ! ಅಚ್ಚಿನೋರು ಕೆಡಿಸ್ಯಾರೆ. ವಾಪಸ್ ಕಳ್ಸಾಣ!"

ಎಲ್ಲರೂ ಹೌದೆಂದರು. ನನ್ನ ಉಪನ್ಯಾಸ ಅಷ್ಟು ಚೆನ್ನಾಗಿ ನಾಟಿತ್ತು. ಬೇರೆ ದಾರಿ ಕಾಣದೆ, ಪರದೆಯ ಹಿಂದಿನ ನೆಲದ ವಿಷಯ ಒಪ್ಪಿಕೊಂಡೆ.

"ಮತ್ತೆ ಅಮಲ್ದಾರ್ರು?" ಎಂದಳು ಗಂಗಮ್ಮ.

"ಅವರೂ ಇದ್ರು. ಪರದೆ ಆ ಕಡೆ."

ನಗು ನಿಲ್ಲುವವರೆಗೆ ಕಾದೆ. ಕುಳಿತದ್ದು ಎಲ್ಲಾದರೇನು, ಬರೆದವನು ನಾನಲ್ಲವೇ? "ಮೂಲೆಯಾಗೆ ನೋಡ್ರಿ, ಯಾರ ಹೆಸರೈತೆ!" ಎಂದು ಎದೆಯುಬ್ಬಿಸಿದೆ.

ಸಿದ್ದಣ್ಣ ಹಾಳೆಯನ್ನು ಆಚೆ ತಿರುಗಿಸಿದ, ಈಚೆ ತಿರುಗಿಸಿದ. "ಇದ್ಯಾವ ಭಾಷೆನಪ್ಪ?" ಎಂದ.

ಇಡೀ ಹಾಸಿನಲ್ಲಿ ನಾನು ನೆಟ್ಟಗೆ ಬರೆದಿದ್ದದ್ದು ನನ್ನ ಹೆಸರೊಂದೇ. ಉಲ್ಟಾ ಅಚ್ಚಾದದ್ದೂ ಅದೊಂದೇ!