ಅತ್ತೆಯ ನಗೆಗೆ ಮೂರು ಪದರ ವಾರ್ನಿಶ್

ನಾನು ತಾಳ್ಮೆಯ ಮನುಷ್ಯನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಿಸಿ ಚಹಾ ಕುಡಿದು ನಾಲಗೆ ಸುಟ್ಟುಕೊಳ್ಳುವವನು. ಬಾಗಿಲಿನ ಬಣ್ಣ ಒಣಗಿದೆಯೇ ಎಂದು ಬೆರಳಿಟ್ಟು ನೋಡುವವನು. ಇಂಥವನ ಕೈಗೆ ವಾರ್ನಿಶ್ ಡಬ್ಬಿ ಬಂದರೆ ಏನಾಗಬೇಕೋ ಅದೇ ಆಯಿತು.

ನನ್ನ ಅತ್ತೆ, ಅಂದರೆ ಹೆಂಡತಿ ಕಸ್ತೂರಿಯ ತಾಯಿ, ಇರುವುದು ನಾಲತವಾಡದಲ್ಲಿ; ನಾವು ಇಂಡಿಯಲ್ಲಿ. ಕ್ಯಾಮೆರಾ ಕಂಡರೆ ಅವರು ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಾರೆ. ಒಮ್ಮೆ ಯಾರದೋ ಮಾತಿಗೆ ಬಾಯಿತುಂಬ ನಗುತ್ತಿದ್ದಾಗ ಕಸ್ತೂರಿ ಮೊಬೈಲಿನಲ್ಲಿ ಕದ್ದು ಫೋಟೊ ತೆಗೆದಿದ್ದಳು. ಶಾಲೆಯ ಪ್ರಶ್ನೆಪತ್ರಿಕೆಗೆಂದು ನಾನು ಕೊಂಡಿದ್ದ ಇಂಕ್‌ಜೆಟ್ ಪ್ರಿಂಟರಿನಲ್ಲಿ ಅದನ್ನು ಮುದ್ರಿಸಿಕೊಟ್ಟೆ. ಅವಳು ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಳು. ಗಾಜು ಹಾಕಿಸೋಣವೆಂದರೆ ಒಪ್ಪಲಿಲ್ಲ. “ಗಾಜು ಹಾಕೂದು ಸತ್ತವರ ಫೋಟೊಕ್ಕ. ನಮ್ಮವ್ವ ಗಟ್ಟಿಮುಟ್ಟ ಅದಾಳ್ರಿ,” ಎಂದಳು.

ರೊಟ್ಟಿ ಬಡಿಯುತ್ತ ಅವಳು ಆ ಫೋಟೊದ ಜೊತೆ ಮಾತಾಡುತ್ತಾಳೆ. ನಡುನಡುವೆ ಒದ್ದೆ ಕೈಯಲ್ಲೇ ಕೆನ್ನೆ ಸವರುತ್ತಾಳೆ. ವಾರದೊಳಗೆ ಅತ್ತೆಯ ಕುಂಕುಮ ಮೂಗಿಗಿಳಿಯಿತು. ಮುಟ್ಟಬೇಡ ಎನ್ನಬಹುದಿತ್ತು, ಆದರೆ ಅವಳು ಮುಟ್ಟುವುದನ್ನು ನೋಡಿದವರು ಯಾರೂ ಹಾಗೆನ್ನಲಾರರು. ಇನ್ನೊಂದು ಪ್ರತಿ ತೆಗೆದು, ಒದ್ದೆ ಕೈ ತಗಲಿದರೂ ಕೆಡದಿರಲೆಂದು, ಶಾಯಿ ಆರುವುದಕ್ಕೂ ಬಿಡದೆ, ನೀರು ಬೆರೆಸುವ ವಾರ್ನಿಶನ್ನು ಬ್ರಷ್ಷಿನಿಂದ ಎಳೆದೆ. ಶಾಯಿ ಬ್ರಷ್ಷಿನ ಬೆನ್ನು ಹತ್ತಿ ಹೊರಟಿತು. ಅತ್ತೆಗೆ ಮೀಸೆ ಬಂತು. ಕಸ್ತೂರಿ ನಗಲಿಲ್ಲ, ಬೈಯಲೂ ಇಲ್ಲ. ಅದನ್ನು ಮಡಚದೆ ಟ್ರಂಕಿನಲ್ಲಿಟ್ಟಳು. ತಾಯಿಯ ಮುಖವನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲವಂತೆ. ಬೈದಿದ್ದರೇ ಚೆನ್ನಾಗಿತ್ತು.

ಸಿಂದಗಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಹಿರಿಯರೊಬ್ಬರನ್ನು ವಿಚಾರಿಸಿದೆ. ಮುದ್ರಿಸಿದ್ದು ಒಂದು ದಿನ ಪೂರ್ತಿ ಒಣಗಬೇಕು, ಬ್ರಷ್ ಸೋಕಿಸಬಾರದು, ಸ್ಪ್ರೇ ಡಬ್ಬಿ ಒಂದಡಿ ದೂರ ಹಿಡಿದು ತೆಳ್ಳಗೆ ಹೊಡೆಯಬೇಕು, ಆರಿದ ಮೇಲೆ ಇನ್ನೊಮ್ಮೆ, ಅದೂ ಆರಿದ ಮೇಲೆ ಮತ್ತೊಮ್ಮೆ ಎಂದರು. ಆಮೇಲೆ ನನ್ನ ಮುಖ ನೋಡಿ, “ವಾರ್ನಿಶ್ ಹೊಡಿಯೂದು ದೊಡ್ಡ ಕೆಲಸ ಅಲ್ರಿ ಸರ. ನಡುವ ಸುಮ್ನ ಕುಂದರೂದು ದೊಡ್ಡ ಕೆಲಸ,” ಎಂದರು. ಮತ್ತೊಂದು ಪ್ರತಿ ತೆಗೆದು, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಎರಡು ದಿನ ಸುಮ್ಮನೆ ಕುಳಿತೆ. ಮೂರು ಪದರವೂ ಕೂತವು, ಫೋಟೊ ಗೂಡು ಸೇರಿತು.

ಅದೇ ವಾರ ಅತ್ತೆ ಬಂದರು. ನೆಟ್ಟಗೆ ಗೂಡಿನೆದುರು ಹೋಗಿ ನಿಂತರು. ಫೋಟೊದ ಮೇಲೆ ಸಿಡಿದಿದ್ದ ಜೋಳದ ಹಿಟ್ಟು ಕಂಡು, ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಫೋಟೊದೊಳಗಿನ ತಮ್ಮ ಹಣೆಯನ್ನು ತಾವೇ ತಿಕ್ಕಿದರು. ಹಿಟ್ಟು ಹೋಯಿತು, ಕುಂಕುಮ ಇದ್ದಲ್ಲೇ ಇತ್ತು. ಹಿಗ್ಗಿ ಹೋಗಿ, ಊರಿಗೊಯ್ಯಲು ಇಂಥದೇ ಇನ್ನೊಂದು ಮಾಡಿಕೊಡಲೇ ಎಂದು ಕೇಳಿದೆ.

“ನನ್ನ ಮಾರಿ ನನಗ್ಯಾಕ್ರಿ ಅಳ್ಯಾರ? ಕಸ್ತೂರಿದೊಂದು ಮಾಡಿಕೊಡ್ರಿ. ನನಗೂ ಅಲ್ಲಿ ಮಾತಾಡಾಕ ಬೇಕಲ್ಲ,” ಎಂದರು.

ಪಡಸಾಲೆಗೆ ಬಂದು ಮೊಬೈಲು ತೆರೆದೆ. ಧ್ವಜದ ಕಂಬದ ಪಕ್ಕ ನಾನು. ಚಡಚಣದ ದ್ರಾಕ್ಷಿ ತೋಟದಲ್ಲಿ ನಾನು. ಹೊಸ ಬೈಕಿನ ಮೇಲೆ ಮೂರು ಭಂಗಿಗಳಲ್ಲಿ ನಾನು. ಕಸ್ತೂರಿ ಒಂದರಲ್ಲಿ ಮೊಣಕೈ ಮಾತ್ರ, ಇನ್ನೊಂದರಲ್ಲಿ ಹೋಳಿಗೆ ಬಡಿಸುವ ಕೈ. ಉಳಿದವನ್ನೆಲ್ಲ ತೆಗೆದವಳೇ ಅವಳು. ಪ್ರಿಂಟರಿನಲ್ಲಿ ಶಾಯಿ ಮುಗಿದಿದೆ, ನಾಳೆ ಕೊಡುತ್ತೇನೆ ಎಂದು ಅತ್ತೆಗೆ ಸುಳ್ಳು ಹೇಳಿ, ಮೊಬೈಲು ಹಿಡಿದು ಅಡುಗೆಮನೆಗೆ ಹೋದೆ.

ನನ್ನ ವಾರ್ನಿಶ್ ಕೆಲಸದ ಫೋಟೊ ತೆಗೆಯಲು ಬಂದೆನೆಂದುಕೊಂಡು, ಅಡ್ಡವಾಗಬಾರದೆಂದು ಕಸ್ತೂರಿ ಗೂಡಿನಿಂದ ಪಕ್ಕಕ್ಕೆ ಸರಿದು ನಿಂತಳು.